ಮಂಗಳೂರಿನಿಂದ ದುಬೈಗೆ: ಟಿಕೆಟ್ಟಿನ ಸಮಯ ಮತ್ತು ಹಾರಾಟದ ಅವಧಿ

ಕಾಸರಗೋಡಿನಲ್ಲಿ ವಿಮಾನ ಟಿಕೆಟ್ ಕಾದಿರಿಸಿಕೊಡುವ ವೃತ್ತಿಯಲ್ಲಿರುವ ನನ್ನನ್ನು ಗ್ರಾಹಕರು ಮೊದಲು ಕೇಳುವುದು ದರವನ್ನು. ಅದರ ಬೆನ್ನಿಗೇ ಬರುವ ಪ್ರಶ್ನೆ, ದುಬೈ ತಲುಪಲು ಎಷ್ಟು ಹೊತ್ತು ಬೇಕು ಎಂಬುದು. ಮಂಗಳೂರಿನಿಂದ ದುಬೈಗೆ ನೇರ ವಾಯುದೂರ ಸುಮಾರು 2,460 ಕಿಲೋಮೀಟರ್. ಗಂಟೆಗೆ 830 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ ಮೂರು ಗಂಟೆ ಸಾಕು ಎನಿಸುತ್ತದೆ. ಆದರೆ ವೇಳಾಪಟ್ಟಿಯಲ್ಲಿ ಇರುವುದು ಮೂರೂವರೆ ಗಂಟೆಯ ಆಸುಪಾಸು. ವಿಮಾನವು ನಿಂತಲ್ಲಿಂದ ಕದಲಿದ ಕ್ಷಣದಿಂದ ಆಚೆ ಬದಿಯಲ್ಲಿ ಪೂರ್ತಿಯಾಗಿ ನಿಲ್ಲುವವರೆಗಿನ ಹೊತ್ತನ್ನು ವಿಮಾನ ಸಂಸ್ಥೆಗಳು ಲೆಕ್ಕಕ್ಕೆ ಹಿಡಿಯುವುದರಿಂದ, ರನ್‌ವೇಯವರೆಗಿನ ಸಾಗಾಟ, ಏರಿಳಿತದ ವೇಳೆಯ ಕಡಿಮೆ ವೇಗ ಮತ್ತು ದುಬೈಯಲ್ಲಿ ಇಳಿಯಲು ಕಾಯಬೇಕಾದ ಸರದಿ ಎಲ್ಲವೂ ಅದರೊಳಗೆ ಸೇರಿರುತ್ತವೆ.

ಹೆಚ್ಚಿನವರಿಗೆ ಗೊಂದಲವಾಗುವುದು ಗಡಿಯಾರದ ವಿಷಯದಲ್ಲಿ. ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಮಗಳ ಬಾಣಂತನಕ್ಕೆ ಹೊರಟಿದ್ದ ಬದಿಯಡ್ಕದ ಕಡೆಯ ಅಮ್ಮನೊಬ್ಬರು, ಬೆಳಿಗ್ಗೆ 9ಕ್ಕೆ ಹೊರಟು 11ಕ್ಕೆ ತಲುಪುವ ಟಿಕೆಟ್ಟನ್ನು ನೋಡಿ, "ಎರಡೇ ಗಂಟೆಯಾ ಮಾರಾಯ್ರೇ?" ಎಂದು ಕೇಳಿದ್ದರು. ಅವರು ಇನ್ಸುಲಿನ್ ತೆಗೆದುಕೊಳ್ಳುವವರು. ಅಲ್ಲಿನ 11 ಎಂದರೆ ಇಲ್ಲಿನ ಹನ್ನೆರಡೂವರೆ ಎಂದು ಲಕೋಟೆಯ ಮೇಲೆ ಎರಡೂ ಸಮಯಗಳನ್ನು ಬರೆದುಕೊಟ್ಟು, ಊಟ ಮತ್ತು ಮದ್ದಿನ ಹೊತ್ತನ್ನು ಡಾಕ್ಟರರ ಬಳಿ ಮೊದಲೇ ಕೇಳಿಕೊಳ್ಳಿ ಎಂದೆ. ಹಿಂದಿರುಗುವಾಗ ಇದು ತಿರುವುಮುರುವಾಗುತ್ತದೆ: ಮಧ್ಯಾಹ್ನ 12ಕ್ಕೆ ಹೊರಟು ಸಂಜೆ 4.45ಕ್ಕೆ ಇಳಿಯುವ ವಿಮಾನದ ಪ್ರಯಾಣ ಮೂರೂಕಾಲು ಗಂಟೆಯದು ಮಾತ್ರ.

ಹೋಗುವಾಗಿನ ಮೂರೂವರೆ ಗಂಟೆಗೂ ಬರುವಾಗಿನ ಮೂರೂಕಾಲು ಗಂಟೆಗೂ ಇರುವ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಮೇಲ್ಗಾಳಿ. ಚಳಿಗಾಲದಲ್ಲಿ ಅರಬ್ಬಿ ಸಮುದ್ರದ ಉತ್ತರ ಭಾಗದಲ್ಲಿ, ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿ ಬೀಸುತ್ತದೆ. ದಾರಿಯುದ್ದಕ್ಕೂ ಸರಾಸರಿ ಗಂಟೆಗೆ 60 ಕಿ.ಮೀ. ಗಾಳಿ ಎದುರಾದರೆ ಇಷ್ಟೇ ದೂರಕ್ಕೆ 3 ಗಂಟೆ 12 ನಿಮಿಷ ಬೇಕು. ಅದೇ ಗಾಳಿ ಬೆನ್ನಿಗಿದ್ದರೆ 2 ಗಂಟೆ 46 ನಿಮಿಷ ಸಾಕು. ಮಳೆಗಾಲದ ಸಂಗತಿ ಇನ್ನೂ ಕುತೂಹಲಕರ. ನಮ್ಮ ಕರಾವಳಿಯಲ್ಲಿ ನೆಲದ ಮೇಲೆ ನೈಋತ್ಯದಿಂದ ಗಾಳಿ ಬೀಸುತ್ತಿರುವಾಗಲೇ, ಬಹಳ ಎತ್ತರದಲ್ಲಿ ಅದಕ್ಕೆ ವಿರುದ್ಧವಾಗಿ ಪೂರ್ವದಿಂದ ಪಶ್ಚಿಮಕ್ಕೆ ಮತ್ತೊಂದು ಪ್ರವಾಹ ಹರಿಯುತ್ತಿರುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಅವರು 1958ರಲ್ಲಿ ಇದನ್ನು ವಿವರಿಸಿದರು. ಆ ತಿಂಗಳುಗಳಲ್ಲಿ ದುಬೈಗೆ ಹೋಗುವ ವಿಮಾನಕ್ಕೆ ದಾರಿಯ ದಕ್ಷಿಣ ಭಾಗದಲ್ಲಿ ಈ ಗಾಳಿಯ ಸಹಾಯ ಸಿಗುತ್ತದೆ.

2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಜಿಲ್ಲೆಯವರಿಗೆ ಆಯ್ಕೆ ಎರಡಾಗಿದೆ. ಅಲ್ಲಿಂದ ದುಬೈಗೆ ಸುಮಾರು 2,590 ಕಿ.ಮೀ., ಅಂದರೆ ಆಕಾಶದಲ್ಲಿ ಹೆಚ್ಚಾಗುವುದು ಹತ್ತು ನಿಮಿಷದಷ್ಟು ಮಾತ್ರ. ಆದ್ದರಿಂದ ನಿಲ್ದಾಣವನ್ನು ಆರಿಸುವಾಗ ಹಾರಾಟದ ಅವಧಿಯನ್ನು ಬದಿಗಿಟ್ಟು ರಸ್ತೆಯ ಹೊತ್ತನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ: ಮಂಜೇಶ್ವರ, ಕುಂಬಳೆಯವರಿಗೆ ಮಂಗಳೂರೇ ಅನುಕೂಲ, ತೃಕ್ಕರಿಪುರದವರಿಗೆ ಕಣ್ಣೂರು ಹತ್ತಿರ.