ಐಸ್ಕ್ರಾಲಜಿ: ಪದದ ಮೂಲ, ಸಮಾನಾರ್ಥಕಗಳು

ಐಸ್ಕ್ರಾಲಜಿ ಎಂದರೆ ಹೊಲಸು ಮಾತು, ಅಶ್ಲೀಲ ಭಾಷಣ. ಗ್ರೀಕಿನ ‘ಐಸ್ಖ್ರೋಸ್’ (ನಾಚಿಕೆಗೇಡಿನ, ಕುರೂಪದ) ಮತ್ತು ‘ಲೋಗೋಸ್’ (ಮಾತು) ಸೇರಿ ‘ಐಸ್ಖ್ರೊಲೊಗಿಯಾ’ ಆಯಿತು. ಕೊನೆಯ ‘ಲಜಿ’ ನೋಡಿ ಇದನ್ನು ‘ಅಶ್ಲೀಲಶಾಸ್ತ್ರ’ ಎಂದು ಅನುವಾದಿಸಿಬಿಟ್ಟರೆ ತಪ್ಪು. ಬಯಾಲಜಿಯಲ್ಲಿ ಅದು ಶಾಸ್ತ್ರ, ಇಲ್ಲಿ ಬರೀ ಮಾತು. ಟಾಟಾಲಜಿ ಎಂದರೆ ಪುನರುಕ್ತಿಯೇ ಹೊರತು ಪುನರುಕ್ತಿಶಾಸ್ತ್ರ ಅಲ್ಲವಲ್ಲ, ಹಾಗೆ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರ ಗ್ರಂಥದಲ್ಲಿ ಹೇಳುತ್ತಾನೆ: ಹಳೆಯ ಪ್ರಹಸನಗಳಲ್ಲಿ ನಗಿಸುತ್ತಿದ್ದದ್ದು ಐಸ್ಖ್ರೊಲೊಗಿಯಾ, ಹೊಸವುಗಳಲ್ಲಿ ಸೂಚ್ಯವಾದ ಮಾತು. ಅಂದರೆ ಅವನ ಲೆಕ್ಕದಲ್ಲಿ ಬಾಯಿಬಿಟ್ಟು ಆಡಿದ್ದಕ್ಕೆ ಮಾತ್ರ ಈ ಹೆಸರು. ದ್ವಂದ್ವಾರ್ಥದ ಮಾತು ಇದರೊಳಗೆ ಬರುವುದಿಲ್ಲ. ಬೈಬಲಿನ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲೂ (3:8) ಬಿಟ್ಟುಬಿಡಬೇಕಾದವುಗಳ ಪಟ್ಟಿಯಲ್ಲಿ ಇದೇ ಪದವಿದೆ.

ಸಮಾನಾರ್ಥಕಗಳನ್ನು ಬಾಯಿಪಾಠ ಮಾಡುವ ಬದಲು ನಮ್ಮ ಕಾವ್ಯಮೀಮಾಂಸೆಯ ಜಾಡು ಹಿಡಿಯಿರಿ. ‘ಅಶ್ಲೀಲ’ ಎಂಬುದು ಅ + ಶ್ರೀಲ, ರೇಫ (ರಕಾರ) ಲಕಾರವಾಗಿದೆ. ಶ್ರೀ ಇಲ್ಲದ್ದು, ಕಳೆಗೆಟ್ಟದ್ದು ಎಂದರ್ಥ. ಸಂಸ್ಕೃತದ ಕಾವ್ಯಮೀಮಾಂಸಕರಾದ ವಾಮನ, ಮಮ್ಮಟರು ಕಾವ್ಯದ ಈ ದೋಷವನ್ನು ಮೂರಾಗಿ ಒಡೆದರು: ವ್ರೀಡೆ (ನಾಚಿಕೆ), ಜುಗುಪ್ಸೆ (ಹೇಸಿಗೆ), ಅಮಂಗಲ. ಐಸ್ಖ್ರೋಸ್ ನೇರವಾಗಿ ವ್ರೀಡೆಯ ಪದ. ‘ಕೊಪ್ರೊಲೇಲಿಯಾ’ (ಹಿಡಿತ ತಪ್ಪಿ ಹೊಲಸು ಮಾತು ಬರುವ ರೋಗಲಕ್ಷಣ) ಪದದ ‘ಕೊಪ್ರೋಸ್’ ಎಂದರೆ ಮಲ, ಹಾಗಾಗಿ ಹುಟ್ಟಿನಿಂದ ಜುಗುಪ್ಸೆಯದು. ಇಂಗ್ಲಿಷಿನ ‘ಆಬ್ಸೀನ್’ನ ಲ್ಯಾಟಿನ್ ಮೂಲವನ್ನು ಅಪಶಕುನದ ಹಕ್ಕಿಗಳಿಗೂ ಹೇಳುತ್ತಿದ್ದರು, ಅದು ಅಮಂಗಲದ ಸಾಲಿಗೆ. ಎಲ್ಲೋ ಇರುವ ಎರಡು ಭಾಷೆಗಳು ಹೀಗೆ ಅಶ್ಲೀಲವನ್ನೂ ಅಶುಭವನ್ನೂ ಒಂದೇ ಪದದಲ್ಲಿ ಕಂಡದ್ದು ನಿಜಕ್ಕೂ ಅಚ್ಚರಿ.

ಕೊಪ್ರೊಲೇಲಿಯಾವನ್ನು ಮಾತ್ರ ಬೈಗುಳಕ್ಕೆ ಬಳಸಬೇಡಿ. 1885ರಲ್ಲಿ ಫ್ರೆಂಚ್ ವೈದ್ಯ ಜಿಲ್ ದ ಲಾ ಟುರೆಟ್ ವಿವರಿಸಿದ ಈ ಲಕ್ಷಣದಲ್ಲಿ ಮಾತು ರೋಗಿಯ ಹಿಡಿತ ಮೀರಿ ಹೊರಬೀಳುತ್ತದೆ; ಆಡುವ ಉದ್ದೇಶವೇ ಇರುವುದಿಲ್ಲ. ‘ಸ್ಕರಿಲಿಟಿ’ ಲ್ಯಾಟಿನ್ನಿನ ‘ಸ್ಕುರ್ರಾ’ (ವಿದೂಷಕ) ಇಂದ ಬಂದದ್ದು, ಅಪಹಾಸ್ಯದ ಕೀಳುಮಾತು. ‘ಬಿಲ್ಲಿಂಗ್ಸ್‌ಗೇಟ್’ ಲಂಡನ್ನಿನ ಮೀನು ಮಾರುಕಟ್ಟೆಯ ಹೆಸರು, ಜಗಳದ ಬೈಗುಳಕ್ಕೆ ಸಲ್ಲುತ್ತದೆ.

ಕನ್ನಡದಲ್ಲಿ ಬರೆಯುವಾಗ ‘ಅವಾಚ್ಯ’ (ನುಡಿಯಬಾರದ್ದು) ಧಾರಾಳವಾಗಿ ಹೊಂದುತ್ತದೆ. ‘ಅಪಶಬ್ದ’ಕ್ಕೆ ಎಚ್ಚರ ಬೇಕು. ಇಂದು ಅದು ಕೆಟ್ಟ ಮಾತು, ಸರಿ. ಆದರೆ ಪತಂಜಲಿಯ ಸಂಸ್ಕೃತ ವ್ಯಾಕರಣಗ್ರಂಥ ಮಹಾಭಾಷ್ಯದಲ್ಲಿ ‘ಗೌಃ’ (ಹಸು) ಎನ್ನುವ ಬದಲು ‘ಗಾವೀ’, ‘ಗೋಣೀ’ ಎಂದರೂ ಅಪಶಬ್ದವೇ. ಅಲ್ಲಿನ ತಪ್ಪು ವ್ಯಾಕರಣದ್ದು, ಸಭ್ಯತೆಯದ್ದಲ್ಲ.