ಮುಗಿದ ಕತೆಯನ್ನು ಮತ್ತೆ ಬಿಚ್ಚಿದ ಸಿನಿಮಾ: ಮ್ಯಾಜಿಕಲ್ ಗರ್ಲ್ ಅನಿಮೆ ದೊಡ್ಡ ಪರದೆಗೆ ಬಂದ ದಾರಿ

2013ರ ಅಕ್ಟೋಬರ್ 26ರಂದು ಜಪಾನಿನಲ್ಲಿ ಒಂದು ಅನಿಮೆ (ಜಪಾನಿ ಅನಿಮೇಷನ್) ಸಿನಿಮಾ ಬಿಡುಗಡೆಯಾಯಿತು. ಹೆಸರು ‘ಪ್ಯುಯೆಲ್ಲಾ ಮಾಗಿ ಮದೋಕಾ ಮ್ಯಾಜಿಕಾ: ರೆಬೆಲಿಯನ್’. ಎರಡು ವರ್ಷ ಹಿಂದೆ ಟಿವಿಯಲ್ಲಿ 12 ಸಂಚಿಕೆಗಳಿಗೆ ಅಚ್ಚುಕಟ್ಟಾಗಿ ಮುಗಿದಿದ್ದ ಕತೆಯ ಮುಂದುವರಿಕೆ ಅದು. ನೋಡಿ ಹೊರಬಂದ ಅಭಿಮಾನಿಗಳು ಎರಡು ಪಂಗಡವಾದರು. ಇಂಥ ಧೈರ್ಯ ಯಾರು ಮಾಡ್ತಾರೆ ಎಂದು ಕೆಲವರು ಕೊಂಡಾಡಿದರು. ಅಷ್ಟು ಒಳ್ಳೆ ಮುಕ್ತಾಯವನ್ನು ಸುಮ್ನೆ ಕೆಡಿಸಿದರು ಎಂದು ಉಳಿದವರು ಸಿಟ್ಟಾದರು. ಆ ಜಗಳ ಇವತ್ತಿಗೂ ತಣ್ಣಗಾಗಿಲ್ಲ.

ಮದೋಕಾ ಒಬ್ಬಳ ಸಿನಿಮಾ ನೋಡಿದರೆ ಈ ಜಗಳ ಪೂರ್ತಿ ಅರ್ಥವಾಗುವುದಿಲ್ಲ. ಟಿವಿಯಲ್ಲಿ ಓಡುವ ಕತೆಯಿಂದ ಹುಟ್ಟಿದ ಸಿನಿಮಾಕ್ಕೆ ಮೂಲ ಕತೆಯನ್ನು ಮುಟ್ಟುವ ಹಕ್ಕು ಇದೆಯಾ ಇಲ್ಲವಾ? ಮ್ಯಾಜಿಕಲ್ ಗರ್ಲ್ ಸಿನಿಮಾಗಳ ಬೆನ್ನಿಗೆ ಈ ಪ್ರಶ್ನೆ ಶುರುವಿನಿಂದಲೂ ಬಿದ್ದಿದೆ. ಅಂದಹಾಗೆ, ಮುಂದೆ ಮದೋಕಾ ಕತೆಯ ಕೊನೆಯೂ ಬರುತ್ತದೆ. ಇನ್ನೂ ನೋಡಿಲ್ಲ, ನೋಡಬೇಕು ಅಂದುಕೊಂಡಿರುವವರು ಮೊದಲು ನೋಡಿಯೇ ಬನ್ನಿ.

ಮ್ಯಾಜಿಕಲ್ ಗರ್ಲ್ ಅಂದರೆ ಗೊತ್ತಲ್ವಾ? ಶಾಲೆಗೆ ಹೋಗುವ ಸಾಧಾರಣ ಹುಡುಗಿ. ಕೈಗೊಂದು ಮಾಯಾ ವಸ್ತು ಸಿಗುತ್ತದೆ, ಜೊತೆಗೊಂದು ಮಾತಾಡುವ ಪ್ರಾಣಿ ಬರುತ್ತದೆ. ಹುಡುಗಿ ರೂಪ ಬದಲಿಸಿ ಲೋಕ ಕಾಯುತ್ತಾಳೆ. ಜಪಾನಿನ ಟಿವಿಯಲ್ಲಿ ಈ ಬಗೆಯ ಅನಿಮೆ ಶುರುವಾದದ್ದು 1966ರಲ್ಲಿ, ತೊಯೇ ಸಂಸ್ಥೆ ತಯಾರಿಸಿದ ಸ್ಯಾಲಿ ಎಂಬ ಪುಟ್ಟ ಮಾಟಗಾತಿಯ ಸರಣಿಯಿಂದ. 1969ರಲ್ಲಿ ಅಕ್ಕೊ ಬಂದಳು. ಅವಳ ಕೈಯಲ್ಲಿದ್ದದ್ದು ಮಾಯಾ ಕನ್ನಡಿ. ಕನ್ನಡಿ, ಕೋಲು, ಪದಕ ಯಾವುದಾದರೂ ಸರಿ, ಹುಡುಗಿಯ ಕೈಯಲ್ಲಿರುವುದು ಆಟಿಕೆಯಾಗಿ ಅಂಗಡಿಗೂ ಬರುತ್ತದೆ ಎನ್ನುವ ಲೆಕ್ಕಾಚಾರ ಆಗಿನಿಂದ ಇವತ್ತಿನವರೆಗೂ ನಡೆದುಬಂದಿದೆ.

ಥಿಯೇಟರಿನ ಕಡೆ ತೊಯೇ ಇನ್ನೊಂದು ಪದ್ಧತಿ ಇಟ್ಟುಕೊಂಡಿತ್ತು. ಶಾಲೆಗೆ ರಜೆ ಬಂದಾಗ ‘ಮಾಂಗಾ ಮತ್ಸುರಿ’ ಎಂಬ ಹೆಸರಿನಲ್ಲಿ ಮಕ್ಕಳ ಸಿನಿಮಾ ಹಬ್ಬ. ಒಂದು ದೊಡ್ಡ ಸಿನಿಮಾ, ಅದರ ಜೊತೆಗೆ ಟಿವಿಯಲ್ಲಿ ಬಂದ ಸರಣಿಗಳ ಸಂಚಿಕೆಗಳು, ಎಲ್ಲಾ ಸೇರಿ ಒಂದೇ ಟಿಕೆಟ್. ಮನೆಯ ಚಿಕ್ಕ ಟಿವಿಯಲ್ಲಿ ನೋಡಿದ್ದನ್ನೇ ದೊಡ್ಡ ಪರದೆಯ ಮೇಲೆ ನೋಡುವ ಖುಷಿಗೇ ಮಕ್ಕಳು ಬರುತ್ತಿದ್ದರು. ಅಲ್ಲಿ ಕತೆ ಮುಂದೆ ಹೋಗಬೇಕಾದ ಅಗತ್ಯವೇ ಇರಲಿಲ್ಲ.

ಈ ವ್ಯವಸ್ಥೆಯ ಇಕ್ಕಟ್ಟು ಚೆನ್ನಾಗಿ ಕಾಣಿಸುವುದು ‘ಸೇಲರ್ ಮೂನ್’ನಲ್ಲಿ. ಟಿವಿ ಸರಣಿ 1992ರ ಮಾರ್ಚ್‌ನಲ್ಲಿ ಶುರುವಾಯಿತು. ಮೊದಲ ಸಿನಿಮಾ ‘ಸೇಲರ್ ಮೂನ್ ಆರ್’ 1993ರ ಡಿಸೆಂಬರ್ 5ಕ್ಕೆ ಬಂತು, ನಿರ್ದೇಶಕ ಕುನಿಹಿಕೊ ಇಕುಹಾರಾ. ಆಗ ಟಿವಿಯಲ್ಲಿ ಕತೆ ಇನ್ನೂ ಓಡುತ್ತಿತ್ತು. ಭಾನುವಾರ ಸಿನಿಮಾ ನೋಡಿದ ಮಗು ಅದೇ ವಾರ ಟಿವಿ ಮುಂದೆಯೂ ಕೂರುತ್ತದೆ, ಸಿನಿಮಾ ನೋಡದ ಮಗುವೂ ಕೂರುತ್ತದೆ. ಇಬ್ಬರಿಗೂ ಗೊಂದಲವಾಗಬಾರದು. ಹಾಗಾಗಿ ಸಿನಿಮಾದಲ್ಲಿ ಏನೇ ಆಗಲಿ, ಕೊನೆಗೆ ಎಲ್ಲವೂ ಮೊದಲಿನಂತೆಯೇ ಇರಬೇಕು.

ಇಕುಹಾರಾ ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಕತೆಯನ್ನು ಮುಂದಕ್ಕೆ ಒಯ್ಯುವ ಹಾಗಿಲ್ಲ, ಸರಿ. ಹಿಂದಕ್ಕೆ ಹೋಗಬಹುದಲ್ಲ? ನಾಯಕಿ ಉಸಾಗಿಯ ಪ್ರಿಯಕರ ಮಾಮೊರು ಚಿಕ್ಕವನಿದ್ದಾಗ ಅಪಘಾತದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು ಆಸ್ಪತ್ರೆಯಲ್ಲಿ ಇರುತ್ತಾನೆ. ಅಲ್ಲಿ ಅವನಿಗೆ ಸಿಕ್ಕ ಒಬ್ಬನೇ ಗೆಳೆಯ ಬೇರೆ ಗ್ರಹದ ಹುಡುಗ, ಫಿಯೊರೆ. ಅವನು ಹೊರಡುವಾಗ ಮಾಮೊರು ಒಂದು ಗುಲಾಬಿ ಕೊಡುತ್ತಾನೆ. ದೊಡ್ಡವನಾಗಿ ಭೂಮಿಯ ಮೇಲೆ ಸೇಡು ತೀರಿಸಿಕೊಳ್ಳಲು ಬರುವವನೂ ಇದೇ ಫಿಯೊರೆ. ಆ ಗುಲಾಬಿ ಮಾಮೊರುವಿಗೆ ಎಲ್ಲಿಂದ ಬಂತು ಅನ್ನುವುದು ಕೊನೆಯಲ್ಲಿ ಬಯಲಾಗುತ್ತದೆ. ಅವತ್ತು ಹುಟ್ಟಿದ ತಮ್ಮನನ್ನು ನೋಡಲು ಅದೇ ಆಸ್ಪತ್ರೆಗೆ ಬಂದಿದ್ದ ಪುಟ್ಟ ಹುಡುಗಿ ಅದನ್ನು ಕೊಟ್ಟಿರುತ್ತಾಳೆ. ಆ ಹುಡುಗಿಯೇ ಉಸಾಗಿ. ಟಿವಿ ಸರಣಿಯ ಒಂದು ಸಾಲೂ ಬದಲಾಗಲಿಲ್ಲ. ಆದರೆ ಇದನ್ನು ನೋಡಿದವರಿಗೆ ಮುಂದಿನ ವಾರದ ಸಂಚಿಕೆ ಮೊದಲಿನಂತೆ ಕಾಣಲಿಲ್ಲ. ಒಂದು ಗಂಟೆಯ ಸಿನಿಮಾಕ್ಕೆ ಇದಕ್ಕಿಂತ ಜಾಸ್ತಿ ಏನು ಬೇಕು?

ಕ್ಲ್ಯಾಂಪ್ ತಂಡದ ಮಾಂಗಾದಿಂದ (ಜಪಾನಿ ಕಾಮಿಕ್ಸ್) ಬಂದ ‘ಕಾರ್ಡ್‌ಕ್ಯಾಪ್ಟರ್ ಸಕುರಾ’ ಕತೆಯೇ ಬೇರೆ. 1999ರ ಅದರ ಮೊದಲ ಸಿನಿಮಾ ಹಾಂಗ್ ಕಾಂಗ್‌ಗೆ ಪ್ರವಾಸ ಹೋಗಿಬರುವ ಬಿಡಿ ಕತೆ, ನೋಡದಿದ್ದರೂ ನಷ್ಟವಿಲ್ಲ. ಎರಡನೆಯದು ಹಾಗಲ್ಲ. ಟಿವಿ ಸರಣಿ 2000ದ ಮಾರ್ಚ್‌ನಲ್ಲಿ ಮುಗಿದಾಗ ಒಂದು ಮಾತು ಬಾಕಿ ಉಳಿದಿತ್ತು. ಶಾವೊರಾನ್ ಎಂಬ ಹುಡುಗ ತನ್ನ ಮನಸ್ಸನ್ನು ಹೇಳಿಕೊಂಡಿದ್ದ, ನಾಯಕಿ ಸಕುರಾ ಉತ್ತರ ಕೊಟ್ಟಿರಲಿಲ್ಲ. ಅದೇ ವರ್ಷ ಜುಲೈನಲ್ಲಿ ಬಂದ ಸಿನಿಮಾ ಇಡೀ ನಿಂತಿರುವುದು ಆ ಒಂದು ಉತ್ತರದ ಮೇಲೆ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಏನಾದರೊಂದು ಅಡ್ಡ ಬರುತ್ತದೆ. ಕೊನೆಯ ದೃಶ್ಯದಲ್ಲಿ ಗಡಿಯಾರದ ಗೋಪುರದೊಳಗೆ ಮೆಟ್ಟಿಲು ಮುರಿದಿದೆ, ನಡುವೆ ದೊಡ್ಡ ಕಂದಕ, ಆಚೆ ಅವನು, ಈಚೆ ಅವಳು. ದಾರಿ ಸರಿಹೋಗುವವರೆಗೆ ಕಾಯೋಣ ಅನ್ನುವಷ್ಟು ತಾಳ್ಮೆ ಅವಳಿಗಿಲ್ಲ. ‘ನೀನಂದ್ರೆ ತುಂಬಾ ಇಷ್ಟ’ ಎಂದು ಕೂಗಿ ಹಾರಿಯೇ ಬಿಡುತ್ತಾಳೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ನಮ್ಮ ಧಾರಾವಾಹಿಗಳ ಮಹಾಸಂಚಿಕೆಯಂತೆ ಇದು ಸುಮ್ನೆ ಉದ್ದ ಮಾಡಿದ ಸಂಚಿಕೆಯಲ್ಲ, ಕತೆಯ ನಿಜವಾದ ಮುಕ್ತಾಯ. ನೋಡದೆ ಬಿಟ್ಟರೆ ಸಕುರಾ ಕತೆ ಅರ್ಧವೇ.

ಇತ್ತ ತೊಯೇ ಬಿಟ್ಟು ಹೊರಬಂದಿದ್ದ ಇಕುಹಾರಾ, 1997ರಲ್ಲಿ ತಮ್ಮದೇ ತಂಡ ಕಟ್ಟಿ ‘ರೆವಲ್ಯೂಷನರಿ ಗರ್ಲ್ ಉತೆನಾ’ ಸರಣಿ ಮಾಡಿದರು. ಅದನ್ನು ಮ್ಯಾಜಿಕಲ್ ಗರ್ಲ್ ಎನ್ನಬೇಕಾ ಬೇಡವಾ ಅನ್ನುವ ಚರ್ಚೆ ಇದೆ, ಇರಲಿ. 1999ರ ಅದರ ಸಿನಿಮಾ ಟಿವಿಯ ಪಾತ್ರಗಳನ್ನು ಇಟ್ಟುಕೊಂಡು ಕತೆಯನ್ನು ಬೇರೆಯಾಗಿಯೇ ಹೇಳಿತು. ಕೊನೆಗೆ ನಾಯಕಿ ಕಾರಾಗಿ ಬದಲಾಗುತ್ತಾಳೆ. ಹೌದು, ನಾಲ್ಕು ಚಕ್ರದ ಕಾರೇ. ಟಿವಿ ಕತೆಗೆ ಹೊಂದಬೇಕು ಎನ್ನುವ ಭಯವೇ ಇಲ್ಲದೆ ಸಿನಿಮಾ ಮಾಡಬಹುದು ಎಂದು ಅವರು ತೋರಿಸಿಕೊಟ್ಟರು.

ತೊಯೇ ಮಾತ್ರ ಹಳೆಯ ದಾರಿ ಬಿಡಲಿಲ್ಲ. ಬಿಡುವ ಅಗತ್ಯವೂ ಇರಲಿಲ್ಲ. 2004ರ ಫೆಬ್ರವರಿ 1ರಂದು ಶುರುವಾದ ‘ಪ್ರಿಕ್ಯೂರ್’ ಇವತ್ತಿಗೂ ಭಾನುವಾರ ಬೆಳಿಗ್ಗೆ ಎಂಟೂವರೆಗೆ ಬರುತ್ತಿದೆ. ಹುಡುಗಿಯರಿಗೂ ಮನಸಾರೆ ಹೊಡೆದಾಡುವ ಆಸೆ ಇರುತ್ತದೆ ಎನ್ನುವುದು ನಿರ್ಮಾಪಕ ತಕಾಶಿ ವಾಶಿಯೊ ಅವರ ಮೂಲ ಯೋಚನೆ. ಇಲ್ಲಿ ಮಾಯಾಕೋಲು ಬೀಸುವುದಕ್ಕಿಂತ ಮುಷ್ಟಿಯ ಏಟು ಜಾಸ್ತಿ. ಇತ್ತೀಚೆಗೆ ವರ್ಷಕ್ಕೊಂದು ಹೊಸ ತಂಡ ಬರುವುದು ರೂಢಿ, ಅದರ ಬೆನ್ನಿಗೇ ಸಿನಿಮಾ. ಮೊದಲ ಸಿನಿಮಾ 2005ರಲ್ಲಿ ಬಂತು. 2009ರಿಂದ ಹಳೆಯ ತಂಡಗಳೆಲ್ಲ ಒಟ್ಟು ಸೇರುವ ‘ಆಲ್ ಸ್ಟಾರ್ಸ್’ ಸಿನಿಮಾಗಳೂ ಶುರುವಾದವು. 2018ರ ಒಂದು ಸಿನಿಮಾದಲ್ಲಂತೂ 55 ಪ್ರಿಕ್ಯೂರ್‌ಗಳು ಒಟ್ಟಿಗೆ ಬಂದು ಗಿನ್ನೆಸ್ ದಾಖಲೆಯಾಯಿತು.

ಕತೆಯ ದೃಷ್ಟಿಯಿಂದ ಇವು ಸೇಲರ್ ಮೂನ್ ಕಾಲದ ನಿಯಮವನ್ನೇ ಪಾಲಿಸುತ್ತವೆ: ಏನೂ ಬದಲಾಗಬಾರದು. ಆದರೆ 2007ರ ನವೆಂಬರಿನ ಸಿನಿಮಾದಿಂದ ಒಂದು ಹೊಸ ಉಪಾಯ ಬಂತು. ಮಕ್ಕಳಿಗೆ ಥಿಯೇಟರ್ ಬಾಗಿಲಲ್ಲೇ ಒಂದು ಪುಟ್ಟ ಟಾರ್ಚ್ ಕೊಡಲು ಶುರುಮಾಡಿದರು, ಹೆಸರು ಮಿರಾಕಲ್ ಲೈಟ್. ಸಿನಿಮಾ ಶುರುವಾಗುವ ಮೊದಲು ಪಾತ್ರಗಳೇ ಪರದೆಯ ಮೇಲೆ ಬಂದು ಪಾಠ ಹೇಳುತ್ತವೆ. ಬೆಳಕನ್ನು ಕಣ್ಣಿನ ಹತ್ತಿರ ಹಿಡಿಯಬೇಡಿ, ದಾರ ಹಿಡಿದು ಗರಗರ ತಿರುಗಿಸಬೇಡಿ. ಆಮೇಲೆ ಕತೆ. ನಾಯಕಿಯರು ಸೋತು ನೆಲಕ್ಕೆ ಬೀಳುತ್ತಾರೆ. ಆಗ ಮಾತಾಡುವ ಪುಟಾಣಿ ಪ್ರಾಣಿ ಪರದೆಯಿಂದ ನೇರ ಪ್ರೇಕ್ಷಕರ ಕಡೆ ತಿರುಗಿ, ‘ಲೈಟ್ ಬೀಸಿ, ಪ್ರಿಕ್ಯೂರ್‌ಗೆ ಶಕ್ತಿ ಕೊಡಿ’ ಎಂದು ಬೇಡುತ್ತದೆ. ಕತ್ತಲಲ್ಲಿ ಮಕ್ಕಳೆಲ್ಲ ಟಾರ್ಚ್ ಬೀಸಿ ಕೂಗುತ್ತಾರೆ. ನಾಯಕಿಯರು ಏಳುತ್ತಾರೆ. ಟಾರ್ಚ್ ಸಿಗುತ್ತಿದ್ದದ್ದು ಮಿಡಲ್ ಸ್ಕೂಲ್‌ವರೆಗಿನ ಮಕ್ಕಳಿಗೆ ಮಾತ್ರ. ಎಷ್ಟೇ ದೊಡ್ಡ ಅಭಿಮಾನಿಯಾದರೂ ವಯಸ್ಕರು ಕೈ ಕಟ್ಟಿ ಕೂರಬೇಕಿತ್ತು. ಸಿನಿಮಾ ಯಾರಿಗಾಗಿ ಎಂಬುದರಲ್ಲಿ ತೊಯೇಗೆ ಯಾವ ಅನುಮಾನವೂ ಇರಲಿಲ್ಲ.

ಮದೋಕಾ ಹುಟ್ಟಿದ್ದು ಇದರ ಪೂರ್ತಿ ಎದುರು ದಿಕ್ಕಿನಲ್ಲಿ. ಭಾನುವಾರ ಬೆಳಿಗ್ಗೆ ಅಲ್ಲ, ಮಕ್ಕಳೆಲ್ಲ ಮಲಗಿದ ಮೇಲೆ, ನಡುರಾತ್ರಿಯ ಹೊತ್ತಿಗೆ. ಶಾಫ್ಟ್ ಸ್ಟುಡಿಯೊ, ನಿರ್ದೇಶಕ ಅಕಿಯುಕಿ ಶಿನ್ಬೊ, ಬರಹ ಗೆನ್ ಉರೊಬುಚಿ. 2011ರ ಜನವರಿಯಲ್ಲಿ ಶುರುವಾದಾಗ ದುಂಡು ಮುಖದ ಮುದ್ದು ಹುಡುಗಿಯರನ್ನು ನೋಡಿ ಮಾಮೂಲಿ ಕತೆ ಅಂದುಕೊಂಡವರೇ ಜಾಸ್ತಿ. ಮೂರನೇ ಸಂಚಿಕೆಯಲ್ಲಿ ಗುರುವಿನಂತಿದ್ದ ಮಾಮಿ ಎಂಬ ಹುಡುಗಿ ಸತ್ತಳು. ಆಮೇಲೆ ಒಂದೊಂದೇ ಸತ್ಯ ಹೊರಬಿತ್ತು. ಬಿಳಿ ಬೆಕ್ಕಿನಂತಿರುವ ಕ್ಯೂಬೇ ಒಂದು ಆಸೆ ಈಡೇರಿಸಿ ಹುಡುಗಿಯರಿಗೆ ಶಕ್ತಿ ಕೊಡುತ್ತದೆ. ಆದರೆ ಹತಾಶೆ ತುಂಬಿದ ದಿನ ಅವರೇ ತಾವು ಹೊಡೆದಾಡುತ್ತಿದ್ದ ಮಾಟಗಾತಿಗಳಾಗುತ್ತಾರೆ. ಕ್ಯೂಬೇಗೆ ಬೇಕಾದದ್ದೂ ಅದೇ, ಆ ಗಳಿಗೆಯಲ್ಲಿ ಹೊಮ್ಮುವ ಶಕ್ತಿ.

ಸರಣಿ ಇನ್ನೇನು ಮುಗಿಯಬೇಕು ಅನ್ನುವಾಗ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿ ಬಂತು. ಕೊನೆಯ ಎರಡು ಸಂಚಿಕೆಗಳು ಏಪ್ರಿಲ್ ಮೂರನೇ ವಾರದವರೆಗೆ ಮುಂದೆ ಹೋದವು. ಆ ಕೊನೆಯಲ್ಲಿ ನಾಯಕಿ ಮದೋಕಾ ಕೇಳಿಕೊಳ್ಳುವ ಆಸೆ ಇದು: ಹಿಂದಿನ, ಇಂದಿನ, ಮುಂದಿನ ಎಲ್ಲಾ ಮಾಟಗಾತಿಗಳನ್ನು ಹುಟ್ಟುವ ಮೊದಲೇ ನನ್ನ ಕೈಯಿಂದ ಅಳಿಸಬೇಕು. ಅವಳು ಮನುಷ್ಯಳಾಗಿ ಉಳಿಯುವುದಿಲ್ಲ, ಲೋಕದ ಒಂದು ನಿಯಮವೇ ಆಗಿಬಿಡುತ್ತಾಳೆ. ಅವಳನ್ನು ಉಳಿಸಲು ಕಾಲವನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿದ್ದ ಗೆಳತಿ ಹೊಮುರಾ, ಅವಳಿಲ್ಲದ ಲೋಕದಲ್ಲಿ ಉಳಿಯುತ್ತಾಳೆ. ನೋವಿದೆ, ಆದರೆ ನ್ಯಾಯವಾದ ಕೊನೆ.

2012ರ ಅಕ್ಟೋಬರ್‌ನಲ್ಲಿ ಬಂದ ಎರಡು ಸಿನಿಮಾಗಳು ಈ ಟಿವಿ ಕತೆಯನ್ನೇ ಸೇರಿಸಿ ಹೊಲಿದವು, ಅವುಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಮೂರನೆಯದೇ ‘ರೆಬೆಲಿಯನ್’. ಶುರುವಿನಲ್ಲಿ ಐವರು ಹುಡುಗಿಯರೂ ಬದುಕಿದ್ದಾರೆ, ಸ್ನೇಹಿತೆಯರಾಗಿ ಒಟ್ಟಿಗೆ ಹೊಡೆದಾಡುತ್ತಾರೆ, ದುಂಡು ಮೇಜಿನ ಸುತ್ತ ಕೂತು ಕೇಕಿನ ಹಾಡು ಹೇಳುತ್ತಾರೆ. ಅಭಿಮಾನಿಗಳು ಬಯಸಿದ್ದೆಲ್ಲ ತಟ್ಟೆಗೆ ಬಿದ್ದಿದೆ. ಇದರಲ್ಲಿ ಏನೋ ಸರಿಯಿಲ್ಲ ಅನ್ನಿಸುವುದು ಹೊಮುರಾಗೆ ಮಾತ್ರ. ಪಕ್ಕದ ಊರಿಗೆ ಹೋಗೋಣವೆಂದು ಐವರಲ್ಲೊಬ್ಬಳಾದ ಕ್ಯೊಕೊ ಜೊತೆ ಬಸ್ ಹತ್ತುತ್ತಾಳೆ. ಏನು ಮಾಡಿದರೂ ಊರಿನ ಗಡಿ ದಾಟಲು ಆಗುವುದೇ ಇಲ್ಲ. ಈ ಸುಳ್ಳು ಊರನ್ನು ಕಟ್ಟಿದ ಮಾಟಗಾತಿ ಯಾರು ಎಂದು ಹುಡುಕುತ್ತಾ ಹೋದರೆ ಸಿಗುವುದು ಅವಳೇ. ಕ್ಯೂಬೇ ಅವಳನ್ನು ಸೆರೆಯಲ್ಲಿಟ್ಟು ಪ್ರಯೋಗ ನಡೆಸುತ್ತಿರುತ್ತದೆ.

ಉರೊಬುಚಿ ಮೊದಲು ಯೋಚಿಸಿದ್ದ ಕೊನೆ ಸರಳವಾಗಿತ್ತು: ಮದೋಕಾ ಬಂದು ಹೊಮುರಾಳನ್ನು ಕರೆದುಕೊಂಡು ಹೋಗುತ್ತಾಳೆ. ಅಲ್ಲಿಗೆ ಕತೆಯ ಬಾಗಿಲು ಮುಚ್ಚುತ್ತಿತ್ತು. ಆದರೆ ಕತೆ ಮುಂದುವರಿಯಲಿ ಎನ್ನುವ ಆಸೆ ನಿರ್ಮಾಪಕರ ಕಡೆಗೂ ಇತ್ತು, ಶಿನ್ಬೊ ಅವರಿಗೂ ಇತ್ತು. ಇಬ್ಬರು ಗೆಳತಿಯರೂ ಎದುರಾಳಿಗಳಾದರೆ ಹೇಗೆ ಎಂಬ ಸೂಚನೆ ಶಿನ್ಬೊ ಕಡೆಯಿಂದಲೇ ಬಂತು. ಹಾಗೆ ಹುಟ್ಟಿದ್ದು ಈಗಿನ ದೃಶ್ಯ. ಕರೆದೊಯ್ಯಲು ಇಳಿದು ಬಂದ ಮದೋಕಾಳ ಕೈಯನ್ನು ಹೊಮುರಾ ಗಟ್ಟಿಯಾಗಿ ಹಿಡಿಯುತ್ತಾಳೆ, ಬಿಡುವುದಿಲ್ಲ. ದೇವರಾದವಳೊಳಗಿಂದ ಮನುಷ್ಯಳಾದ ಮದೋಕಾಳನ್ನು ಕಿತ್ತು ತೆಗೆದು ಲೋಕವನ್ನೇ ಹೊಸದಾಗಿ ಬರೆಯುತ್ತಾಳೆ. ತನ್ನನ್ನು ತಾನೇ ದೆವ್ವ ಎಂದು ಕರೆದುಕೊಳ್ಳುತ್ತಾಳೆ.

ಅಭಿಮಾನಿಗಳ ಸಿಟ್ಟು ಸುಳ್ಳಲ್ಲ. ವ್ಯಾಪಾರದ ಒತ್ತಡಕ್ಕೆ ಮುಕ್ತಾಯ ತೆರೆದುಕೊಂಡಿತು ಎನ್ನುವುದರಲ್ಲೂ ಹುರುಳಿದೆ. ಆದರೂ ನನಗೆ ಈ ಕೊನೆ ಸರಿ ಅನ್ನಿಸುತ್ತದೆ. ಟಿವಿ ಸರಣಿಯಲ್ಲಿ ಹೊಮುರಾ ಬದುಕಿದ್ದೇ ಒಂದು ಹಟಕ್ಕೆ. ಅವಳು ಸುಮ್ಮನೆ ತಲೆಬಾಗಿ ಒಪ್ಪಿಕೊಂಡಿದ್ದರೆ ಅದೇ ಸುಳ್ಳಾಗುತ್ತಿತ್ತು. ಹೊಮುರಾ ಮಾಡಿದ್ದು ತಪ್ಪು ಅನ್ನಬಹುದು, ಆದರೆ ಅವಳು ಹಾಗೆ ಮಾಡುವವಳೇ ಅಲ್ಲ ಅನ್ನಲಾಗುವುದಿಲ್ಲ. ಜಪಾನಿನಲ್ಲಿ ಸಿನಿಮಾ 200 ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು. ನಡುರಾತ್ರಿ ಅನಿಮೆಯಿಂದ ಬಂದ ಸಿನಿಮಾ ಆ ಗಡಿ ದಾಟಿದ್ದು ಅದೇ ಮೊದಲು. ಅನಿಮೆ ದಿಗ್ಗಜರಾದ ಮಿಯಾಜಾಕಿ ಮತ್ತು ತಕಾಹಾತಾ ಅವರ ಸಿನಿಮಾಗಳ ಜೊತೆ ಜಪಾನ್ ಅಕಾಡೆಮಿ ಪ್ರಶಸ್ತಿಯ ಅನಿಮೇಷನ್ ಪಟ್ಟಿಯಲ್ಲೂ ಹೆಸರು ಬಂತು, ಗೆದ್ದದ್ದು ಮಾತ್ರ ಮಿಯಾಜಾಕಿ.

ಆಮೇಲೆ ಬಂದ ಸಿನಿಮಾಗಳಲ್ಲಿ ಒಂದನ್ನು ಹೇಳಲೇಬೇಕು. ಸೇಲರ್ ಮೂನ್ ಸರಣಿಯ ಮೊದಲ ನಿರ್ದೇಶಕ ಜುನಿಚಿ ಸಾತೊ, 1999ರಲ್ಲಿ ‘ಒಜಾಮಾಜೊ ದೊರೆಮಿ’ ಎಂಬ ಪುಟ್ಟ ಮಾಟಗಾತಿಯರ ಸರಣಿಯನ್ನೂ ಶುರುಮಾಡಿಕೊಟ್ಟಿದ್ದರು. ಅದರ 20ನೇ ವರ್ಷದ ನೆನಪಿಗೆ ಸಿದ್ಧವಾದ ಸಿನಿಮಾ 2020ರ ನವೆಂಬರಿನಲ್ಲಿ ತೆರೆಗೆ ಬಂತು, ಸಾತೊ ಅದರ ನಿರ್ದೇಶಕರಲ್ಲೊಬ್ಬರು. ಅದರ ನಾಯಕಿ ದೊರೆಮಿ ಅಲ್ಲ! ಚಿಕ್ಕಂದಿನಲ್ಲಿ ದೊರೆಮಿ ನೋಡುತ್ತಾ ಬೆಳೆದ ಮೂವರು ಹೆಂಗಸರು. ಒಬ್ಬಳಿಗೆ ಟೋಕಿಯೊದಲ್ಲಿ ಕಂಪನಿ ಕೆಲಸ, ಒಬ್ಬಳು ಟೀಚರ್ ಆಗಲು ಓದುತ್ತಿದ್ದಾಳೆ, ಇನ್ನೊಬ್ಬಳು ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದಾಳೆ. ಸರಣಿಯ ಮಾಯಾ ಅಂಗಡಿಗೆ ಮಾದರಿಯಾಗಿತ್ತು ಎನ್ನಲಾದ ಕಾಮಾಕುರಾದ ಹಳೆಯ ಮನೆಯ ಮುಂದೆ ಮೂವರಿಗೂ ಪರಿಚಯವಾಗುತ್ತದೆ. ಮೂಲ ಕತೆಯನ್ನು ಮುಟ್ಟಬೇಕಾ ಬೇಡವಾ ಎಂಬ ತಲೆನೋವೇ ಇಲ್ಲ. ಕತೆ ಹಾಗೇ ಇದೆ, ನೋಡಿದವರು ಬೆಳೆದಿದ್ದಾರೆ, ಅಷ್ಟೇ.

ಮದೋಕಾ ಕಡೆ ಕತೆ ಇನ್ನೂ ಬಾಕಿ. ‘ವಾಲ್ಪುರ್ಗಿಸ್ ರೈಸಿಂಗ್’ ಎಂಬ ಮುಂದಿನ ಸಿನಿಮಾ ಇದೆಯೆಂದು 2021ರಲ್ಲಿ ಹೇಳಿದರು, ಆಮೇಲೆ ಬಿಡುಗಡೆಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಯಿತು. ಹೊಸದಾಗಿ ನೋಡುವವರಿಗೆ ಒಂದೇ ಸಲಹೆ. 2012ರ ಎರಡು ಸಿನಿಮಾಗಳಿಂದ ಶುರುಮಾಡಬೇಡಿ. 12 ಸಂಚಿಕೆಗಳನ್ನೇ ನೋಡಿ, ಒಂದೊಂದಾಗಿ ನೋಡಿದರೆ ಇನ್ನೂ ಒಳ್ಳೆಯದು. ನಡುವೆ ಕೆಲವು ದಿನ ಬಿಟ್ಟು ‘ರೆಬೆಲಿಯನ್’ ಹಾಕಿ. ಟಿವಿ ಸರಣಿಯ ಕೊನೆಯೇ ಸಾಕು ಅನ್ನಿಸಿದರೆ ಹಾಕದಿದ್ದರೂ ನಡೆಯುತ್ತದೆ.