ಜೇನಿನ ಹೊಟ್ಟೆಯ ಬ್ಯಾಕ್ಟೀರಿಯಾ ಮತ್ತು ಕೊಡಗಿನ ಪೆಟ್ಟಿಗೆಗಳು

ಜೇನಿಗೂ ಪ್ರೋಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯಾ, ಕೊಡಬಹುದಂತೆ ಎಂಬ ಮಾತು ಈಗ ಜೇನು ಸಾಕುವವರ ನಡುವೆ ಓಡಾಡುತ್ತಿದೆ. ಸಕ್ಕರೆ ಪಾಕಕ್ಕೆ ಮೊಸರು ಬೆರೆಸಬಹುದಾ, ಆನ್‌ಲೈನ್‌ನಲ್ಲಿ ಸಿಗುವ ಪುಡಿ ಹಾಕಬಹುದಾ ಎಂಬ ಪ್ರಶ್ನೆಗಳಿವೆ. ಕೊಡಗಿನ ಮಟ್ಟಿಗೆ ಉತ್ತರ ಬೇಕಾದರೆ 1990ರ ದಶಕದಿಂದ ಶುರುಮಾಡಬೇಕು.

ಅದಕ್ಕೂ ಹಿಂದಿನದನ್ನು ಚುಟುಕಾಗಿ ಹೇಳಬಹುದು. ಮರದ ಪೊಟರೆ, ಹುತ್ತಗಳಲ್ಲಿದ್ದ ತುಡುವೆ ಜೇನು ಪೆಟ್ಟಿಗೆಗೆ ಬಂತು, ಭಾಗಮಂಡಲ, ವಿರಾಜಪೇಟೆ ಕಡೆ ಸಹಕಾರ ಸಂಘಗಳು ಬೆಳೆದವು, ಕೊಡಗಿನ ಜೇನಿಗೆ ದೂರದೂರಿನಲ್ಲೂ ಹೆಸರು ಬಂತು.

1991-92ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಥಾಯ್ ಸ್ಯಾಕ್‌ಬ್ರೂಡ್ ಕಾಲಿಟ್ಟಿತು. 1976ರಲ್ಲಿ ಥಾಯ್ಲೆಂಡ್‌ನಲ್ಲಿ ಕಂಡ ವೈರಸ್ ರೋಗ ಇದು. ದೊಡ್ಡ ಹುಳಗಳು ಹಾರಾಡುತ್ತಲೇ ಇರುತ್ತವೆ, ಸಾಯುವುದು ಮರಿ. ಮರಿ ಬೆಳೆಯುವ ಮೇಣದ ಕೋಣೆಗೆ ಮುಚ್ಚಳ ಬೀಳುವ ಹೊತ್ತಿಗೆ ಮರಿಹುಳ ತಲೆ ಮೇಲೆತ್ತಿ, ಉದ್ದಕ್ಕೆ ಚಾಚಿಕೊಂಡು ಸಾಯುತ್ತದೆ. ಹೊರಗೆ ತೆಗೆದರೆ ನೀರು ತುಂಬಿದ ಚೀಲ. ಮರಿಯೇ ಇಲ್ಲದ ಮೇಲೆ ಕುಟುಂಬ ಎಷ್ಟು ದಿನ ಉಳಿದೀತು? ಸಾಕಿದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಅಳಿದವು. ಎಷ್ಟೋ ಮನೆಗಳಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು.

ಈ ರೋಗಕ್ಕೆ ಮದ್ದಿರಲಿಲ್ಲ, ಈಗಲೂ ಇಲ್ಲ. ವೈರಸ್‌ಗೆ ಆಂಟಿಬಯಾಟಿಕ್ ನಾಟುವುದಿಲ್ಲ. ಆದರೆ ಬ್ಯಾಕ್ಟೀರಿಯಾದಿಂದ ಮರಿಗಳಿಗೆ ಬರುವ ಫೌಲ್‌ಬ್ರೂಡ್ ರೋಗಕ್ಕೆ ಪಾಕದಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಡುವ ರೂಢಿ ಜಗತ್ತಿನ ಹಲವೆಡೆ ಇತ್ತು. 2010ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 12 ಬ್ರಾಂಡ್ ಜೇನುತುಪ್ಪ ಪರೀಕ್ಷಿಸಿದಾಗ 11ರಲ್ಲಿ ಆಂಟಿಬಯಾಟಿಕ್ ಸಿಕ್ಕಿತು. ಗಲಾಟೆಯೆಲ್ಲ ತಿನ್ನುವವರ ಆರೋಗ್ಯದ ಬಗ್ಗೆ ಆಯಿತು. ಜೇನಿನ ಹೊಟ್ಟೆಗೆ ಏನಾಯಿತು ಎಂಬ ಪ್ರಶ್ನೆ ಆಗಲೇ ಏಳಬೇಕಿತ್ತು.

ಆ ಪ್ರಶ್ನೆಗೆ ಉತ್ತರ ಬಂದದ್ದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ. ಅದೇ ಗುಂಪಿನ ಟೆಟ್ರಾಸೈಕ್ಲಿನ್ ತಿಂದ ಜೇನುಗಳ ಕರುಳಿನ ಬ್ಯಾಕ್ಟೀರಿಯಾ ಕುಸಿದು, ಅವು ಬೇಗ ಸತ್ತವು ಎಂದು 2017ರಲ್ಲಿ ಗೊತ್ತಾಯಿತು. ಮರುವರ್ಷ ಗ್ಲೈಫೊಸೇಟ್ ಕಳೆನಾಶಕವೂ ಅದೇ ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡುತ್ತದೆ ಎಂಬುದು ಹೊರಬಿತ್ತು. ಕಳೆ ಕೀಳಲು ಆಳು ಸಿಗದ ಕಾಫಿ ತೋಟಗಳ ನಾಡಿನಲ್ಲಿ ಇದು ಸಣ್ಣ ಸುದ್ದಿಯಲ್ಲ.

ಜೇನಿನ ಕರುಳಿನಲ್ಲಿರುವುದು ಬೆರಳೆಣಿಕೆಯ ಬ್ಯಾಕ್ಟೀರಿಯಾ ಗುಂಪುಗಳು. ಸ್ನಾಡ್‌ಗ್ರಾಸೆಲ್ಲಾ, ಗಿಲಿಯಮೆಲ್ಲಾ, ಕೆಲವು ಲ್ಯಾಕ್ಟೊಬ್ಯಾಸಿಲಸ್, ಬೈಫಿಡೊಬ್ಯಾಕ್ಟೀರಿಯಂ. ಪರಾಗ ಜೀರ್ಣವಾಗಲು ಇವು ನೆರವಾಗುತ್ತವೆ, ಕೆಲವು ರೋಗಾಣುಗಳನ್ನು ತಡೆಯುತ್ತವೆ. ಕೋಣೆಯಿಂದ ಆಗಷ್ಟೇ ಹೊರಬಂದ ಜೇನಿನ ಕರುಳಿನಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಹಿರಿಯ ಜೇನುಗಳ ಒಡನಾಟದಿಂದ, ಗೂಡಿನ ಮೇಣದ ಎರಿಯಿಂದ, ಕೆಲವೇ ದಿನಗಳಲ್ಲಿ ಅವು ಸೇರಿಕೊಳ್ಳುತ್ತವೆ. ಹಳೆಯ ಹಿಟ್ಟು ಸ್ವಲ್ಪ ಬೆರೆಸಿದರೆ ಹೊಸ ದೋಸೆಹಿಟ್ಟು ಹುಳಿ ಬರುತ್ತದಲ್ಲ, ಹಾಗೆ.

ಮೊಸರಿನ ಬ್ಯಾಕ್ಟೀರಿಯಾ ಈ ಗುಂಪಿನದಲ್ಲ. ಅಂಗಡಿಯ ಪುಡಿಗಳ ಬ್ಯಾಕ್ಟೀರಿಯಾ ಕೂಡ ಜೇನಿನ ಕರುಳಿನಲ್ಲಿ ನೆಲೆಯೂರುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ. ಸಂಶೋಧನೆ ಜಾಸ್ತಿ ನಡೆದಿರುವುದೂ ಯುರೋಪಿನ ಮೆಲ್ಲಿಫೆರಾ ಜೇನಿನ ಮೇಲೆ. ನಮ್ಮ ತುಡುವೆಯಲ್ಲಿ ಗುಂಪುಗಳು ಹೆಚ್ಚುಕಡಿಮೆ ಅವೇ ಆದರೂ ಬ್ಯಾಕ್ಟೀರಿಯಾ ತಳಿಗಳು ಬೇರೆ. ಹಾಗಾಗಿ ದುಡ್ಡು ಕೊಟ್ಟು ಹೊಸದನ್ನು ತುಂಬುವ ಮೊದಲು ಇರುವುದನ್ನು ಕಾಯುವುದೇ ಸರಿ.

ಕೊಡಗಿನಲ್ಲಿ ಕಷ್ಟದ ಕಾಲ ಜೂನ್‌ನಿಂದ ಸೆಪ್ಟೆಂಬರ್. ಮಳೆ ಬಿಡುವುದಿಲ್ಲ, ಹೂವು ಕಡಿಮೆ. ಆಗ ಕೊಡುವ ಸಕ್ಕರೆ ಪಾಕದಲ್ಲಿ ಪರಾಗ ಇರುವುದಿಲ್ಲ. ತುಪ್ಪ ತೆಗೆಯುವಾಗ ಪರಾಗವಿರುವ ಎರಿಗಳನ್ನು ಪೆಟ್ಟಿಗೆಯಲ್ಲೇ ಬಿಡಬೇಕು. ಒಂದು ಕುಟುಂಬವನ್ನು ಎರಡು ಪಾಲು ಮಾಡುವಾಗ ಮರಿ ಎರಿಯ ಜೊತೆ ಅದರ ಮೇಲೆ ಕೂತ ಜೇನುಗಳನ್ನೂ ಸೇರಿಸಬೇಕು. ಹೂಮಳೆಯ ನಂತರ ಕಾಫಿ ಅರಳಿರುವಾಗ ಕಳೆನಾಶಕ ಹೊಡೆಯದಿದ್ದರೆ ತೋಟಕ್ಕೂ ಲಾಭ, ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗ ಬೇಕೇ ಬೇಕು, ಅದನ್ನು ತರುವುದರಲ್ಲಿ ಜೇನಿನ ಪಾಲೂ ಇದೆ. ಇದ್ಯಾವುದೂ ಸ್ಯಾಕ್‌ಬ್ರೂಡ್‌ಗೆ ಮದ್ದಲ್ಲ. ಅದನ್ನು ಎದುರಿಸಲು, ರೋಗ ಬಂದರೂ ಉಳಿದುಕೊಂಡ ಕುಟುಂಬಗಳಿಂದಲೇ ಮುಂದಿನ ಪಾಲು ಮಾಡುತ್ತಾ ಹೋಗಬೇಕು.